ಇಂಪ್ಯಾಕ್ಟ್ ಬ್ಯಾಗ್: ಬಲಗೈ ಜೋರು ಎಲ್ಲಿ ಸೋರುತ್ತದೆಂದು ತೋರಿಸುವ ಚೀಲ

ಗಾಲ್ಫ್ ಅಭ್ಯಾಸದಲ್ಲಿ ಚೆಂಡಿನ ಬದಲು ಕ್ಲಬ್ಬಿನಿಂದ (ಗಾಲ್ಫ್ ಕೋಲಿನಿಂದ) ಹೊಡೆಯುವ ಚೀಲವಿದು. ಖಾಲಿಯಾಗಿ ಬರುತ್ತದೆ, ತುಂಬಿಸುವ ಕೆಲಸ ನಮ್ಮದು. ಹಳೆಯ ಟವೆಲ್, ಬೆಡ್‌ಶೀಟ್‌ಗಳನ್ನು ಒತ್ತಿ ತುಂಬಬೇಕು. ಮರಳು ತುಂಬಿದರೆ ಪೆಟ್ಟಿನ ಅದುರು ನೇರ ಮಣಿಕಟ್ಟಿಗೆ ಬರುತ್ತದೆ, ಬೇಡವೇ ಬೇಡ.

ಬಲಗೈ ಆಟಗಾರರು ಚೀಲವನ್ನು ಎಡ ಹಿಮ್ಮಡಿಯ ನೇರಕ್ಕೆ ಇಟ್ಟು, ಹಳೆಯ 7 ಐರನ್‌ನಿಂದ (ಮಧ್ಯಮ ದೂರಕ್ಕೆ ಬಳಸುವ ಕ್ಲಬ್) ಸೊಂಟದೆತ್ತರದ ಸ್ವಿಂಗ್ ಮಾಡಿ ಹೊಡೆಯಬೇಕು. ಹೊಡೆದು ಹಾಗೇ ನಿಂತು ನೋಡಿ. ಬಲ ಮೊಣಕೈ ಇನ್ನೂ ತುಸು ಮಡಿಚಿ ಪಕ್ಕೆಯ ಹತ್ತಿರವಿದೆಯೇ? ಬಲ ಮಣಿಕಟ್ಟು ಹಿಂದಕ್ಕೆ ಬಾಗಿದೆಯೇ? ಹಿಡಿಕೆ ಕ್ಲಬ್ಬಿನ ತಲೆಗಿಂತ ಮುಂದಿದೆಯೇ? ಹಾಗಿದ್ದರೆ ಬಲಗೈ ಸರಿಯಾದ ಹೊತ್ತಿಗೆ ಬಿಚ್ಚಿಕೊಳ್ಳುತ್ತಿದೆ. ಕೈ ಪೂರ್ತಿ ನೀಳವಾಗಬೇಕಾದ್ದು ಚೆಂಡು ದಾಟಿದ ಮೇಲೆ.

ಹೆಚ್ಚಿನವರು ತಪ್ಪುವುದು ಇಲ್ಲೇ. ಜೋರು ಬೇಕೆಂದು ಮೇಲಿನಿಂದಲೇ ಬಲಗೈ ಚಾಚಿಬಿಡುತ್ತಾರೆ. ಮಣಿಕಟ್ಟಿನ ಕೋನ ಆಗಲೇ ಕರಗಿ, ಕ್ಲಬ್ಬಿನ ತಲೆ ಕೈಗಳಿಗಿಂತ ಮುಂದೆ ಓಡುತ್ತದೆ, ಚೀಲಕ್ಕೆ ‘ಧಪ್’ ಅನ್ನುವ ಬದಲು ಸವರಿದಂತೆ ಪೊಳ್ಳು ಸದ್ದು. ಕೆಳಗಿಳಿಯುವಾಗ ಮೊದಲು ಸೊಂಟ ತಿರುಗಲಿ, ಬಲಗೈ ಅದರ ಬೆನ್ನಿಗೆ ಬರಲಿ.

ಚೀಲದ ಮಿತಿಯೂ ಇದೆ: ಚೆಂಡು ಎತ್ತ ಹೋಗುತ್ತಿತ್ತು ಅನ್ನುವುದನ್ನು ಅದು ಹೇಳದು. ಪೆಟ್ಟು ಬಿದ್ದಲ್ಲೇ ಸ್ವಿಂಗ್ ನಿಲ್ಲಿಸುವ ಚಾಳಿಯನ್ನೂ ಅಂಟಿಸುತ್ತದೆ. ಹತ್ತು ಪೆಟ್ಟಿಗೊಮ್ಮೆ ಚೀಲ ಸರಿಸಿ ನಾಲ್ಕೈದು ಚೆಂಡು ಪೂರ್ತಿ ಹೊಡೆಯಿರಿ. ಡ್ರೈವರ್ (ಅತಿ ದೂರ ಹೊಡೆಯುವ ಉದ್ದದ ಕ್ಲಬ್) ಮಾತ್ರ ಇದರ ಹತ್ತಿರ ತರಬೇಡಿ.