ಮಗನಿಗೆ ಉರ್ದು ಕಲಿಸುವ ಮುಂಚೆ: ಆ್ಯಪ್, ಪಠ್ಯಪುಸ್ತಕ, ಓಣಿಯ ಆಪಾ

ಮನೆಯಲ್ಲಿ ಮಕ್ಕಳಿಗೆ ಉರ್ದು ಓದಲು, ಬರೆಯಲು ಕಲಿಸಬೇಕು ಅಂತಿದ್ದರೆ ಮೊದಲು ನೀವು ಹತ್ತಿರದ ಉರ್ದು ಟೀಚರ್ ಹತ್ತಿರ ಹೋಗಿ ಕೂತುಕೊಳ್ಳಿ. ಆ್ಯಪ್ ಆಮೇಲೆ ನೋಡಿದರಾಯ್ತು. ನಾನು ಆ್ಯಪ್, ಒಂದನೇ ತರಗತಿಯ ಪಠ್ಯಪುಸ್ತಕ, ಟ್ಯೂಷನ್ ಮೂರನ್ನೂ ಹಿಡಿದು ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ನಮ್ಮ ಮನೆ ಮಾತು ಕನ್ನಡ. ಹಂಗಾದ್ರೆ ಉರ್ದು ಯಾಕೆ ಅಂತ ಬೇರೆ ಊರಿನವರು ಕೇಳುತ್ತಾರೆ, ಕಲಬುರಗಿಯವರು ಕೇಳುವುದಿಲ್ಲ. 1948ರ ಸೆಪ್ಟೆಂಬರ್‌ವರೆಗೆ ಈ ಊರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಶಾಲೆ, ಕಚೇರಿ, ಕೋರ್ಟು ಎಲ್ಲ ಕಡೆ ಉರ್ದುವೇ ನಡೆಯುತ್ತಿತ್ತು. ನಮ್ಮ ಅಜ್ಜನ ಹೊಲದ ಕಾಗದಗಳು ಉರ್ದುವಿನಲ್ಲಿವೆ. ಅಜ್ಜನಿಗೆ ಅವನ್ನು ಓದಲು ಬರುತ್ತಿತ್ತು, ನಮ್ಮ ಅಪ್ಪನಿಗೆ ಬರಲಿಲ್ಲ, ನನಗೂ ಬರುತ್ತಿರಲಿಲ್ಲ. ಮಗನ ಕಾಲಕ್ಕಾದರೂ ಅದು ಮನೆಗೆ ವಾಪಸ್ ಬರಲಿ ಅಂತ ನನಗೆ ತುಂಬ ಆಸೆ.

ಇಲ್ಲಿನವರಿಗೆ ಒಂದು ಅನುಕೂಲ ಇದೆ. ಮಾತು ಕಲಿಯುವ ಕೆಲಸವೇ ಇಲ್ಲ. ಸಂತೆ, ಆಟೋ, ಕಿರಾಣಿ ಅಂಗಡಿ ಎಲ್ಲೆಡೆ ದಖನಿ, ಅಂದರೆ ನಮ್ಮ ಕಡೆಯ ಆಡುಮಾತಿನ ಉರ್ದು, ಕಿವಿಗೆ ಬೀಳುತ್ತಲೇ ಇರುತ್ತದೆ. ನಮಗೆ ಬೇಕಾದದ್ದು ಲಿಪಿ ಮಾತ್ರ. ನನ್ನ ಹೋಲಿಕೆ ಪೂರ್ತಿ ನಿಂತಿರುವುದು ಇದರ ಮೇಲೆ. ಬೆಂಗಳೂರಲ್ಲೋ ಮಂಗಳೂರಲ್ಲೋ ಕೂತು ಕಲಿಯುವವರಿಗೆ ಲೆಕ್ಕ ಬೇರೆ ಇರಬಹುದು.

ಮೊದಲು ಆ್ಯಪ್. ವರ್ಷದ ಚಂದಾ ಕಟ್ಟಿದ್ದೆ. ಪಾಠಗಳು ಚೆನ್ನಾಗಿವೆ, ಉಚ್ಚಾರ ಸ್ಪಷ್ಟ. ಆದರೆ ತೊಂದರೆ ಎಲ್ಲಿ ಅಂದರೆ, ಅದು ಅಕ್ಷರ ತೋರಿಸುವುದು ನಸ್ಖ್ ಶೈಲಿಯಲ್ಲಿ. ಅಂದರೆ ಅಕ್ಷರಗಳೆಲ್ಲ ಒಂದೇ ಗೆರೆಯ ಮೇಲೆ ಸಾಲಾಗಿ ಕೂತಿರುತ್ತವೆ. ಊರಿನ ಬೋರ್ಡು, ಪೇಪರು, ಪುಸ್ತಕ, ಮದುವೆ ಕಾರ್ಡು ಎಲ್ಲ ಇರುವುದು ನಸ್ತಾಲೀಕ್‌ನಲ್ಲಿ. ಅಲ್ಲಿ ಶಬ್ದ ಬಲಗಡೆ ಮೇಲಿಂದ ಶುರುವಾಗಿ ಎಡಕ್ಕೆ ಇಳಿಜಾರಾಗಿ ಬರುತ್ತದೆ.

ಇದೇನು ದೊಡ್ಡ ವಿಷಯ ಅನ್ನಬೇಡಿ. ‘ಬಚ್ಚಾ’ ಅನ್ನುವ ಶಬ್ದವನ್ನೇ ತಗೊಳ್ಳಿ. ಬಿಡಿಯಾಗಿ ಬರೆದರೆ ಬೇ ಅಕ್ಷರ ದೋಣಿಯ ಹಾಗಿರುತ್ತದೆ, ಕೆಳಗೆ ಒಂದು ಚುಕ್ಕೆ. ನಸ್ತಾಲೀಕ್‌ನಲ್ಲಿ ಅದರ ಮುಂದೆ ಚೇ ಬಂತು ಅಂದರೆ ಆ ದೋಣಿ ಮಾಯ. ಚೇಯ ತಲೆಯ ಮೇಲೆ ಒಂದು ಸಣ್ಣ ಮೊನೆ ಮಾತ್ರ ಉಳಿಯುತ್ತದೆ. ಬೇಯ ಒಂದು ಚುಕ್ಕೆ, ಚೇಯ ಮೂರು ಚುಕ್ಕೆ ಹತ್ತಿರ ಹತ್ತಿರ ಬೀಳುತ್ತವೆ. ಯಾವ ಚುಕ್ಕೆ ಯಾರದು ಅಂತ ಗೊತ್ತಾಗಬೇಕಾದರೆ ಆ ಮೊನೆಯನ್ನು ಬೇ ಅಂತ ಮೊದಲು ಗುರುತು ಹಿಡಿಯಬೇಕು. ಬೇ, ಪೇ, ತೇ, ಟೇ, ಸೇ ಐದಕ್ಕೂ ಮೈ ಒಂದೇ, ಬದಲಾಗುವುದು ಗುರುತು ಮಾತ್ರ. ಒಂದು ತಪ್ಪಿದರೆ ಶಬ್ದವೇ ತಪ್ಪಿತು.

ಆ್ಯಪಿನಲ್ಲಿ ಅಕ್ಷರ ಪೂರ್ತಿ ಮುಗಿಸಿದ ಮಗ ನಮ್ಮೂರಿನ ರೋಜಾ ಬಡಾವಣೆ ಕಡೆ ಹೋದಾಗ ಅಂಗಡಿ ಬೋರ್ಡು ನೋಡಿ, “ಮಮ್ಮಿ, ಇದು ಬ್ಯಾರೆ ಭಾಷಾ ಏನ್?” ಅಂದ. ನನಗೂ ಓದಲಾಗಲಿಲ್ಲ. ಫೋನಿನಲ್ಲಿ ಫಾಂಟ್ ಬದಲಿಸಿ ನೋಡಿದೆ, ಆ್ಯಪ್ ಒಳಗಿನ ಅಕ್ಷರ ಹಾಗೇ ಇತ್ತು. ಕಂಪನಿಗೆ ಬರೆದೆ, ಉತ್ತರ ಬಂತು, ಬದಲಾವಣೆ ಬರಲಿಲ್ಲ. ನಸ್ತಾಲೀಕ್ ಕಂಪ್ಯೂಟರಿಗೆ ಕಷ್ಟದ ಲಿಪಿ ಅನ್ನುವುದು ನಿಜ. 1981ರಲ್ಲಿ ನೂರಿ ನಸ್ತಾಲೀಕ್ ಅನ್ನುವ ಕಂಪ್ಯೂಟರ್ ಅಕ್ಷರ ಬರುವವರೆಗೆ ಹೆಚ್ಚಿನ ಉರ್ದು ಪತ್ರಿಕೆಗಳನ್ನು ಕಾತಿಬರು, ಅಂದರೆ ಅಂದವಾಗಿ ಬರೆಯುವ ಲಿಪಿಕಾರರು, ಕೈಯಲ್ಲೇ ಬರೆಯುತ್ತಿದ್ದರು. ಆದರೆ ಈಗ ಗೂಗಲ್‌ನವರ ನೋಟೊ ನಸ್ತಾಲೀಕ್ ಫಾಂಟ್ ಪುಕ್ಕಟೆ ಸಿಗುತ್ತದೆ. ದುಡ್ಡು ತಗೊಂಡು ಉರ್ದು ಕಲಿಸುವವರು ಅಷ್ಟು ಮಾಡಬೇಕು, ಅಲ್ವಾ?

ಇನ್ನೊಂದು: ಪ್ರತಿ ಶಬ್ದದ ಕೆಳಗೂ ಇಂಗ್ಲಿಷ್ ಅಕ್ಷರ. ಮಗನ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಬೆರಳಿಟ್ಟು ಮುಚ್ಚಿ ಓದಿಸಬೇಕಾಯಿತು.

ಎರಡನೆಯದು ಪಠ್ಯಪುಸ್ತಕ. ಕರ್ನಾಟಕ ಪಠ್ಯಪುಸ್ತಕ ಸಂಘದವರು ಉರ್ದು ಮಾಧ್ಯಮಕ್ಕೂ ಪುಸ್ತಕ ತರುತ್ತಾರೆ. ಪಿಡಿಎಫ್ ಪುಕ್ಕಟೆ ಇಳಿಸಿಕೊಳ್ಳಬಹುದು. ಮೊದಲ ಪುಟದಿಂದ ನಸ್ತಾಲೀಕ್, ಅಕ್ಷರ ದೊಡ್ಡದು. ಮಗನಿಗೆ ಇದು ಬಹಳ ಹಿಡಿಸಿತು. ದೊಡ್ಡವರು ಒಬ್ಬರೇ ಕೂತು ಕಲಿಯುವುದು ಮಾತ್ರ ಕಷ್ಟ. ಯಾಕೆಂದರೆ ಪಕ್ಕದಲ್ಲಿ ಟೀಚರ್ ಇದ್ದಾರೆ ಅಂತಲೇ ಆ ಪುಸ್ತಕ ಮಾಡಿದ್ದು.

ದೆಹಲಿಯ ರಾಷ್ಟ್ರೀಯ ಉರ್ದು ಮಂಡಳಿಯ ಒಂದು ವರ್ಷದ ಡಿಪ್ಲೊಮಾವನ್ನೂ ವಿಚಾರಿಸಿದೆ. ಸರ್ಟಿಫಿಕೇಟ್ ಬೇಕಾದವರಿಗೆ ಅದು ಸರಿ, ನನಗೆ ಪರೀಕ್ಷೆ ಬೇಕಿರಲಿಲ್ಲ.

ಇನ್ನು ಆಪಾ. ಹಿಂದಿನ ಓಣಿಯಲ್ಲಿರುವ ರಿಟೈರ್ಡ್ ಉರ್ದು ಟೀಚರ್. ಮೊದಲ ದಿನವೇ, “ಫೋನ್ ಒಳಗ ಇಡು ತಂಗಿ, ಮೊದಲ ಕೈ ತಿರುಗಲಿ” ಅಂದರು. ಓರೆಯಾಗಿ ಕತ್ತರಿಸಿದ ತುದಿಯ ಮಾರ್ಕರ್ ಕೊಟ್ಟರು. ಅದನ್ನು ಒತ್ತಿದರೆ ಚೌಕದ ಒಂದು ಚುಕ್ಕೆ ಮೂಡುತ್ತದೆ. ಅಳತೆಗೋಲು ಅದೇ. ಅಲಿಫ್ ಎತ್ತರ ಅಂಥ ಮೂರು ಚುಕ್ಕೆ. ಚುಕ್ಕೆ ಇಟ್ಟು ಪಕ್ಕದಲ್ಲಿ ಅಲಿಫ್ ಎಳೆಯಬೇಕು, ಗಿಡ್ಡ ಆದರೆ ಮತ್ತೆ ಎಳೆಯಬೇಕು. ಆಮೇಲೆ ಜೋಡಣೆ. ಅಲಿಫ್, ದಾಲ್, ರೇ, ವಾವ್ ಮತ್ತು ಅವುಗಳ ಬಳಗ ಎಡಗಡೆಯ ಅಕ್ಷರಕ್ಕೆ ಕೂಡುವುದಿಲ್ಲ, ಉಳಿದವು ಕೂಡುತ್ತವೆ. ಇದನ್ನು ಎಷ್ಟು ಸಲ ಓದಿದ್ದರೂ ನನಗೆ ನಿಂತಿರಲಿಲ್ಲ. ಕೈಯಲ್ಲಿ ಬರೆದಾಗ ನಿಂತಿತು. ನಾವೇ ಬರೆದ ಮೊನೆಯನ್ನು ಬೋರ್ಡಿನಲ್ಲಿ ಗುರುತು ಹಿಡಿಯುವುದು ಸುಲಭ. ನಾನು ಹೈಸ್ಕೂಲಿನಲ್ಲೂ ಬರೆದು ಬರೆದೇ ಕಲಿತವಳು, ಹಾಗಾಗಿ ಈ ದಾರಿ ನನಗೆ ಒಗ್ಗಿತು.

ಆಪಾರ ತಿಂಗಳ ಫೀ ನನ್ನ ಆ್ಯಪ್ ಚಂದಾದ ತಿಂಗಳ ಪಾಲಿಗಿಂತ ಜಾಸ್ತಿ. ಆದರೆ ಅವರ ಹತ್ತಿರ ಕಲಿತ ಪಾಠವನ್ನು ಅದೇ ರಾತ್ರಿ ಮಗನಿಗೆ ಹೇಳಿಕೊಡುತ್ತೇನೆ. ಒಂದು ಫೀಯಲ್ಲಿ ಇಬ್ಬರ ಕಲಿಕೆ. ಮಗ ಮುಂದಿನ ಅಕ್ಷರ ಕೇಳುವ ಹೊತ್ತಿಗೆ ನನಗೆ ಅದು ಗೊತ್ತಿರುತ್ತದೆ. ಕಲಿಸುವ ತಾಯಿಗೆ ಅಷ್ಟು ಧೈರ್ಯ ಸಾಕು. ಸಂಜೆ ಹೊತ್ತು ಬಿಡುವಿಲ್ಲದ, ಕೆಲಸಕ್ಕೆ ಹೋಗುವ ಅಮ್ಮಂದಿರಿಗೆ ಇದು ಕಷ್ಟವೇ. ಅವರು ಪಠ್ಯಪುಸ್ತಕ ಇಟ್ಟುಕೊಂಡು ಭಾನುವಾರ ಮಾತ್ರ ಯಾರ ಹತ್ತಿರವಾದರೂ ತಿದ್ದಿಸಿಕೊಳ್ಳಲಿ.

ಹೊಲದ ಕಾಗದಗಳಲ್ಲಿ ಸದ್ಯ ನಮಗೆ ಇಸವಿ ಓದಲು ಬಂದಿದೆ. ಅಂಕಿಗಳನ್ನು ಮಾತ್ರ ಎಡದಿಂದ ಬಲಕ್ಕೇ ಓದುವುದು, ಅದು ಮಗನಿಗೆ ಭಾರಿ ಖುಷಿ. ಕಾಗದದಲ್ಲಿರುವುದು ಫಸಲಿ, ಅಂದರೆ ನಿಜಾಮರ ಕಾಲದ ಕಂದಾಯದ ಇಸವಿ; ಅದಕ್ಕೆ 590 ಕೂಡಿಸಿದರೆ ಹೆಚ್ಚುಕಡಿಮೆ ಇಂಗ್ಲಿಷ್ ಇಸವಿ ಸಿಗುತ್ತದೆ. ಉಳಿದ ಬರಹ ಶಿಕಸ್ತಾ, ಅವಸರದ ಕೈಬರಹ. ಎಷ್ಟೋ ಕಡೆ ಚುಕ್ಕೆಗಳೇ ಇರುವುದಿಲ್ಲ. ಅದನ್ನು ಆಮೇಲೆ ನೋಡೋಣ ಅಂದಿದ್ದಾರೆ ಆಪಾ.

ಆ್ಯಪನ್ನು ತೆಗೆದುಹಾಕಿಲ್ಲ. ನಮ್ಮ ಕಡೆ ಮಾತಿನಲ್ಲಿ ಗಂಟಲಿನಿಂದ ಹೇಳಬೇಕಾದ ಕಾಫ್ (ق) ಅಕ್ಷರವನ್ನು ಖೇ (خ) ಥರ ಹೇಳುವುದರಿಂದ ಉಕ್ತಲೇಖನದಲ್ಲಿ ಎರಡೂ ಅದಲುಬದಲಾಗುತ್ತವೆ. ಆ ಎರಡರ ಫರಕು ಕೇಳಿಸಲು ಆ್ಯಪಿನ ಧ್ವನಿ ಚೆನ್ನಾಗಿದೆ. ಚಂದಾ ಮುಗಿಯುವವರೆಗೆ ಅಷ್ಟಕ್ಕೆ ಬಳಸುತ್ತೇನೆ, ಮತ್ತೆ ಕಟ್ಟುವುದಿಲ್ಲ.