ಎಡಬದಿಯ ಆಟಗಾರನಿಗೆ ಗಿಡ್ಡ ಗುಬುಟಿನ ಬೂಟು

ಫುಟ್‌ಬಾಲ್ ತಂಡದ ಮೊದಲ ಹನ್ನೊಂದರಲ್ಲಿ ಜಾಗ ಹುಡುಕುತ್ತಿರುವ ಎಡಗಾಲಿನ ಹುಡುಗನಿಗೆ ಕಾರವಾರದ ಗಟ್ಟಿ ಕೆಂಪು ನೆಲದಲ್ಲಿ ಅಡಿಯಲ್ಲಿ ಗಿಡ್ಡ ಗುಬುಟುಗಳಿರುವ ಈ ಟರ್ಫ್ ಬೂಟೇ ಸರಿ. ಹುಲ್ಲಿಗೆಂದು ಮಾಡಿದ ಬೂಟಿನಡಿಯ ಉದ್ದ ಮೊಳೆಯಂಥ ಸ್ಟಡ್ಡು ಇಲ್ಲಿ ನೆಲಕ್ಕೆ ಇಳಿಯುವುದಿಲ್ಲ, ಹಿಮ್ಮಡಿ ನೋಯುತ್ತದೆ. ಗಿಡ್ಡ ರಬ್ಬರ್ ಗುಬುಟುಗಳು ಭಾರ ಹಂಚುತ್ತವೆ. ಮೈದಾನದ ಗೆರೆಯಂಚಿನಿಂದ ಎಡಗಾಲಲ್ಲಿ ಕ್ರಾಸ್ ಹೊಡೆಯುವಾಗ, ಅಂದರೆ ಚೆಂಡನ್ನು ಗೋಲಿನ ಮುಂದಕ್ಕೆ ಕಳಿಸುವಾಗ, ಊರುವುದು ಬಲಗಾಲು. ಹಾಗಾಗಿ ಕೊಳ್ಳುವಾಗ ಬಲ ಬೂಟಿನ ಹಿಡಿತವನ್ನೇ ಮೊದಲು ನೋಡಿ, ಇದರಲ್ಲಿ ಚೆನ್ನಾಗಿದೆ. ಕೈಕೊಡುವುದು ಎಡಗಡೆಯದು: ಹೆಬ್ಬೆರಳ ಪಕ್ಕ, ಚೆಂಡು ತಾಗುವಲ್ಲೇ ಅಂಟು ಬಿಡುತ್ತದೆ. ಹೊಸದಿರುವಾಗಲೇ ಸುತ್ತ ಹೊಲಿಗೆ ಹಾಕಿಸಿ. ಟಾಗೋರ್ ಕಡಲತೀರದಲ್ಲಿ ಓಡಿದ ದಿನ ಉಪ್ಪುಮರಳು ತೊಳೆದು, ಒಳಪಟ್ಟಿ ಎಳೆದು ತೆಗೆದು, ಹಳೆ ಪೇಪರ್ ತುರುಕಿ ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಅಂಟಿನ ಕತೆ ಮುಗಿಯಿತು. ಮಳೆಗಾಲದ ಕೆಸರಿಗೆ ಮಾತ್ರ ಬೇಡವೇ ಬೇಡ, ಜಾರುತ್ತದೆ.