ಇ-ವೆರಿಫೈ ಸೇವೆ: ಖಾನಾವಳಿಯ ಲೆಕ್ಕದ ಮೇಜಿನಿಂದ ಒಂದು ವಿಮರ್ಶೆ

ಅರಿಜೋನಾದ ಫೀನಿಕ್ಸ್ ಬಳಿಯ ಸಣ್ಣ ಸಸ್ಯಾಹಾರಿ ಖಾನಾವಳಿಯೊಂದರ ಲೆಕ್ಕಪತ್ರವನ್ನೂ ನೇಮಕಾತಿಯ ಕಾಗದಗಳನ್ನೂ ಹಲವು ವರ್ಷಗಳಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಊಟಕ್ಕೆ ಬಂದವರು ಅಕ್ರಮ ವಲಸೆಯ ಬಗ್ಗೆ ವಾದಕ್ಕಿಳಿದರೆ, ಗಡಿಯಲ್ಲಿ ಗೋಡೆ ಕಟ್ಟಬೇಕು ಎನ್ನುವವರು ಒಂದು ಕಡೆ, ಒಳಗಿರುವವರನ್ನೆಲ್ಲ ಸಕ್ರಮಗೊಳಿಸಬೇಕು ಎನ್ನುವವರು ಇನ್ನೊಂದು ಕಡೆ ನಿಲ್ಲುತ್ತಾರೆ. ಕೆಲಸ ಕೊಡುವ ಜಾಗದಲ್ಲೇ ತಪಾಸಣೆ ನಡೆಸುವ ಮೂರನೆಯ ದಾರಿ ಮಾತ್ರ ಅವರ ಕಣ್ಣಿಗೆ ಬೀಳದಂತೆ ಒಳಗಿನ ಕೋಣೆಯ ಕಂಪ್ಯೂಟರಿನಲ್ಲಿ ಇರುತ್ತದೆ. ಅದರ ಹೆಸರು ಇ-ವೆರಿಫೈ: ಹೊಸ ನೌಕರರಿಗೆ ಅಮೆರಿಕದಲ್ಲಿ ಕೆಲಸ ಮಾಡುವ ಅನುಮತಿ ಇದೆಯೇ ಎಂದು ನೋಡುವ ಸರ್ಕಾರಿ ಆನ್‌ಲೈನ್ ಸೇವೆ.

1986ರಲ್ಲಿ ಅಧ್ಯಕ್ಷ ರೇಗನ್ ಸಹಿ ಹಾಕಿದ ಕಾನೂನನ್ನು ನಮ್ಮವರಿಗೆ ಅಮೆರಿಕದ ಅಕ್ರಮ-ಸಕ್ರಮ ಎಂದು ಹೇಳಿದರೆ ಬೇಗ ಅರ್ಥವಾಗುತ್ತದೆ. ಅದು ಸುಮಾರು 27 ಲಕ್ಷ ಜನರಿಗೆ ಸಕ್ರಮ ವಾಸದ ಹಕ್ಕು ಕೊಟ್ಟಿತು. ಇನ್ನು ಮುಂದೆ ದಾಖಲೆ ನೋಡದೆ ಕೆಲಸ ಕೊಟ್ಟ ಮಾಲೀಕರಿಗೆ ದಂಡ ಎಂದೂ ವಿಧಿಸಿತು. ನೌಕರರ ಗುರುತು ಮತ್ತು ಕೆಲಸದ ಅನುಮತಿಯ ದಾಖಲೆಗಳನ್ನು ನಮೂದಿಸುವ ಐ-9 ನಮೂನೆ ಹುಟ್ಟಿದ್ದು ಆಗಲೇ. ಆದರೆ ಎದುರಿಗಿಟ್ಟ ಕಾಗದ ಅಸಲಿಯೋ ನಕಲಿಯೋ ಎಂದು ಹೋಟೆಲಿನವನು ಕಂಡುಹಿಡಿಯುವುದಾದರೂ ಹೇಗೆ? ಈ ಕೊರತೆ ತುಂಬಲು 1997ರಲ್ಲಿ ಪ್ರಾಯೋಗಿಕವಾಗಿ ಆರಂಭವಾದ ವ್ಯವಸ್ಥೆಯೇ ಇಂದಿನ ಇ-ವೆರಿಫೈ. ಅರಿಜೋನಾದಲ್ಲಿ 2008ರಿಂದ ಇದು ಎಲ್ಲ ಮಾಲೀಕರಿಗೂ ಕಡ್ಡಾಯ. ಆ ಕಾನೂನನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಎತ್ತಿಹಿಡಿದಿದೆ.

ಬಳಕೆಯ ಮಟ್ಟಿಗೆ ದೂರುವಂಥದ್ದು ಹೆಚ್ಚಿಲ್ಲ. ಶುಲ್ಕವಿಲ್ಲ. ಕೆಲಸಕ್ಕೆ ಸೇರಿದ ಮೂರು ಕೆಲಸದ ದಿನಗಳೊಳಗೆ ಐ-9ರಲ್ಲಿರುವ ವಿವರಗಳನ್ನು ತುಂಬಬೇಕು; ಸಾಮಾಜಿಕ ಭದ್ರತಾ ಆಡಳಿತ ಮತ್ತು ಗೃಹಭದ್ರತಾ ಇಲಾಖೆಯ ದಾಖಲೆಗಳೊಂದಿಗೆ ಅವು ತಾಳೆಯಾದರೆ ಸಾಮಾನ್ಯವಾಗಿ ಕೆಲವೇ ಸೆಕೆಂಡುಗಳಲ್ಲಿ ಉತ್ತರ ಬರುತ್ತದೆ. ನಮ್ಮ ದೋಸೆ ಭಟ್ಟರ ಪಾಸ್‌ಪೋರ್ಟಿನಲ್ಲಿ ಇದ್ದದ್ದು ಒಂದೇ ಹೆಸರು. ಮನೆತನದ ಹೆಸರಿನ ಜಾಗ ಖಾಲಿ. ಇರುವ ಹೆಸರನ್ನು ಕೊನೆಯ ಹೆಸರಿನ ಚೌಕದಲ್ಲಿ ಬರೆದು, ಮೊದಲ ಹೆಸರಿನ ಚೌಕದಲ್ಲಿ ‘ಅನ್‌ನೋನ್’ ಎಂದು ತುಂಬಬೇಕೆಂದು ಐ-9ರ ಸೂಚನೆಯಲ್ಲೇ ಇದೆ. ಹಾಗೆ ತುಂಬಿ ಗುಂಡಿ ಒತ್ತುವಾಗ ನನಗಿಂತ ಹೆಚ್ಚು ಉಸಿರು ಬಿಗಿಹಿಡಿದವರು ಹಿಂದೆ ಸೌಟು ಹಿಡಿದು ನಿಂತಿದ್ದ ಭಟ್ಟರು. ಅನುಮತಿ ಇದೆಯೆಂಬ ಉತ್ತರ ಬಂದಾಗ ಅವರು ಒಲೆಯ ಕಡೆ ಓಡಿದರು, ಕಾವಲಿಯ ಮೇಲಿನ ದೋಸೆ ಅಷ್ಟರಲ್ಲಿ ಸೀದಿತ್ತು.

ತಾಳೆಯಾಗದಿದ್ದರೂ ಅದು ಅಂತಿಮವಲ್ಲ. ನೌಕರರು ಪ್ರಶ್ನಿಸಲು ಬಯಸಿದರೆ, ಸಂಬಂಧಪಟ್ಟ ಕಚೇರಿಯನ್ನು ಸಂಪರ್ಕಿಸಲು ಅವರಿಗೆ ಎಂಟು ಸರ್ಕಾರಿ ಕೆಲಸದ ದಿನಗಳಿರುತ್ತವೆ, ಆ ಅವಧಿಯಲ್ಲಿ ಅವರನ್ನು ತೆಗೆದುಹಾಕುವಂತಿಲ್ಲ. ನಿಯಮ ನ್ಯಾಯವಾದದ್ದೇ, ಆದರೆ ಗಂಟೆಯ ಲೆಕ್ಕದಲ್ಲಿ ಸಂಬಳ ಪಡೆಯುವವರು ಹಗಲಿನ ಪಾಳಿ ಬಿಟ್ಟು ಕಚೇರಿಗೆ ಅಲೆಯಬೇಕೆಂದರೆ ಅದರ ಖರ್ಚು ಅವರದೇ.

ದೊಡ್ಡ ಲೋಪ ಬೇರೆಯೇ ಇದೆ. ಇ-ವೆರಿಫೈ ನೋಡುವುದು ಕಾಗದವನ್ನು, ಮನುಷ್ಯನನ್ನಲ್ಲ. ಬೇರೊಬ್ಬರ ನಿಜವಾದ ಹೆಸರು ಮತ್ತು ಸಾಮಾಜಿಕ ಭದ್ರತಾ ಸಂಖ್ಯೆಯನ್ನು ತಂದವರು ಸುಲಭವಾಗಿ ಪಾಸಾಗುತ್ತಾರೆ. ಸರ್ಕಾರದ ಪರವಾಗಿ ವೆಸ್ಟ್ಯಾಟ್ ಸಂಸ್ಥೆ 2009ರಲ್ಲಿ ಸಿದ್ಧಪಡಿಸಿದ ಮೌಲ್ಯಮಾಪನದ ಅಂದಾಜಿನಂತೆ, ತಪಾಸಣೆಗೆ ಒಳಗಾದ ಅನಧಿಕೃತ ಕೆಲಸಗಾರರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿಗೆ ‘ಅನುಮತಿ ಇದೆ’ ಎಂಬ ಉತ್ತರವೇ ಬಂದಿತ್ತು. ಭಾವಚಿತ್ರ ಹೋಲಿಸುವ ಸೌಲಭ್ಯವಿದೆಯಾದರೂ ಅದು ಗ್ರೀನ್ ಕಾರ್ಡ್, ಕೆಲಸದ ಪರವಾನಗಿ ಕಾರ್ಡ್, ಅಮೆರಿಕದ ಪಾಸ್‌ಪೋರ್ಟುಗಳಂಥ ಕೆಲವಕ್ಕಷ್ಟೇ ಸೀಮಿತ.

ಇಷ್ಟಾದರೂ ಇದನ್ನು ದೇಶಕ್ಕೆಲ್ಲ ಕಡ್ಡಾಯ ಮಾಡದಿರಲು ಯಂತ್ರದ ದೋಷಕ್ಕಿಂತ ಹೊಲದ ಲೆಕ್ಕಾಚಾರವೇ ದೊಡ್ಡ ಕಾರಣವೆಂದು ನನ್ನ ಅಭಿಪ್ರಾಯ. ಬೆಳೆ ಕೊಯ್ಯುವ ಕೂಲಿಗಳಲ್ಲಿ ಹತ್ತಕ್ಕೆ ಸುಮಾರು ನಾಲ್ವರಿಗೆ ಕೆಲಸದ ಅನುಮತಿಯಿಲ್ಲ ಎಂಬುದು ಅಮೆರಿಕದ ಕೃಷಿ ಇಲಾಖೆಯೇ ಪ್ರಕಟಿಸುವ ಅಂಕಿ. ಗೋಡೆಯ ಪರ ಗಟ್ಟಿಯಾಗಿ ಮಾತಾಡುವವರ ತಟ್ಟೆಯ ಟೊಮೆಟೊ ಕೂಡ ಅದೇ ಹೊಲದಿಂದ ಬಂದಿರಬಹುದು.

ಕರ್ನಾಟಕದಿಂದ ಓದಲು ಬರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಈ ಸೇವೆ ಇನ್ನೊಂದು ರೀತಿಯಲ್ಲಿ ಮುಖ್ಯ: ಓದಿನ ನಂತರದ ಕೆಲಸದ ಅವಧಿಯನ್ನು 24 ತಿಂಗಳು ವಿಸ್ತರಿಸಿಕೊಳ್ಳಬೇಕಾದರೆ ಕಂಪನಿ ಇ-ವೆರಿಫೈಗೆ ಸೇರಿರಲೇಬೇಕು. ಸಂಬಳದ ಮಾತಿಗೆ ಮೊದಲು ಅದನ್ನು ಕೇಳಿಕೊಳ್ಳಿ. ಬಳಕೆಯ ಸುಲಭತೆಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ; ಅಕ್ರಮ ವಲಸೆ ತಡೆಯುವ ಕೆಲಸಕ್ಕೆ ಎರಡು.